ನಂಬಿಕೆ ಅವರದು, ಖರ್ಚು ಯಾರದು? ಹಾಬಿ ಲಾಬಿ ಅಂಗಡಿಯ ಸುತ್ತ ಒಂದಿಷ್ಟು ಮಾತು

(ಅಮೆರಿಕದ ಡಾಲಸ್ ಹತ್ತಿರ ನಾವು ಕೆಲವು ಕನ್ನಡದ ಗೆಳೆಯರು ತಿಂಗಳಿಗೊಮ್ಮೆ ಸೇರುತ್ತೇವೆ. ಕರಕುಶಲ, ಅಲಂಕಾರದ ಸಾಮಾನು ಮಾರುವ ಇಲ್ಲಿನ ದೊಡ್ಡ ಅಂಗಡಿ ಸರಣಿ ಹಾಬಿ ಲಾಬಿಯ ಬಗ್ಗೆ ಅಲ್ಲಿ ಆಡಿದ ಮಾತನ್ನು ಬರೆದುಕೊಡಿ ಎಂದು ಕೆಲವರು ಕೇಳಿದರು. ಮಾತಿನ ಧಾಟಿಯನ್ನು ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹಾಬಿ ಲಾಬಿಗೆ ಒಂದು ಸಲವೂ ಹೋಗದವರು ಯಾರಾದರೂ ಇದ್ದರೆ ಕೈ ಎತ್ತಿ. ಯಾರೂ ಎತ್ತಲಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೆರಡು ವಾರ ಇದೆ ಅನ್ನುವಾಗ ನಾವೆಲ್ಲ ಒಬ್ಬರಿಗೊಬ್ಬರು ಸಿಗುವುದೇ ಅಲ್ಲಿ ಅಲ್ವಾ? ಪ್ಲಾಸ್ಟಿಕ್ ಹೂವು, ಜರಿ ರಿಬ್ಬನ್, ಮಂಟಪಕ್ಕೆ ಥರ್ಮಾಕೋಲ್, ಅಮ್ಮನವರ ಸರಕ್ಕೆ ಮುತ್ತು. ಹೋದ ಸಲ ಗಣೇಶನ ಹಬ್ಬಕ್ಕೆ ನಾನು ಅಲ್ಲಿಂದಲೇ ಹಸಿರು ಬಳ್ಳಿ ತಂದು ಮಂಟಪಕ್ಕೆ ಸುತ್ತಿದ್ದೆ. ಶನಿವಾರವೇ ಹೋಗಿದ್ದೆ, ಯಾಕೆಂದರೆ ಭಾನುವಾರ ಅಲ್ಲಿ ರಜಾ. ಒಳಗೆ ಏಸುವಿನ ಭಜನೆಯ ರಾಗಗಳು ಬರೀ ವಾದ್ಯದಲ್ಲಿ ಸಣ್ಣಗೆ ಕೇಳುತ್ತಿದ್ದವು. ಕೌಂಟರಿನ ಹುಡುಗಿ ಪ್ರತಿ ವಸ್ತುವನ್ನೂ ತಿರುಗಿಸಿ, ಬೆಲೆಯ ಚೀಟಿ ಹುಡುಕಿ, ಅಂಕಿಯನ್ನು ಕೈಯಲ್ಲೇ ಒತ್ತುತ್ತಿದ್ದಳು. ಸ್ಕ್ಯಾನರ್ ಇರಲಿಲ್ಲ.

ಈ ಸ್ಕ್ಯಾನರ್ ವಿಷಯದಲ್ಲಿ ಒಂದು ಸುದ್ದಿ ವರ್ಷಗಳಿಂದ ಓಡಾಡುತ್ತಿದೆ. ಬಾರ್‌ಕೋಡ್ ಅಂದರೆ ಸೈತಾನನ ಗುರುತು ಎಂದು ಮಾಲೀಕರು ನಂಬುತ್ತಾರಂತೆ, ಅದಕ್ಕೇ ಬಳಸುವುದಿಲ್ಲವಂತೆ. ಅವರು ಹೇಳುವ ಕಾರಣವೇ ಬೇರೆ. ಸಣ್ಣ ಸಣ್ಣ ಕಡೆಯಿಂದ ಬರುವ ಎಷ್ಟೋ ಸರಕಿಗೆ ಬಾರ್‌ಕೋಡೇ ಇರುವುದಿಲ್ಲ, ಮತ್ತೆ ಅಂಗಡಿಯವರೇ ಕಣ್ಣಾರೆ ನೋಡಿ ಎಣಿಸಿದರೆ ಸರಕಿನ ಮೇಲೆ ಗಮನ ಜಾಸ್ತಿ ಇರುತ್ತದೆ ಅನ್ನುತ್ತಾರೆ. ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ಈ ಅಂಗಡಿಯ ಬಗ್ಗೆ ಸುಳ್ಳು ಸುದ್ದಿ ಬಹಳ. ನಿಜವಾಗಿ ನಡೆದಿರುವುದೇ ಬೇಕಾದಷ್ಟಿದೆ. ನಾನು ಅದನ್ನಷ್ಟೇ ಹೇಳುತ್ತೇನೆ.

ಅಂಗಡಿ ಕಟ್ಟಿದವರು ಡೇವಿಡ್ ಗ್ರೀನ್. ಪಾದ್ರಿಯ ಮಗ. 1970ರಲ್ಲಿ 600 ಡಾಲರ್ ಸಾಲ ತೆಗೆದು, ಮನೆಯಲ್ಲೇ ಪುಟ್ಟ ಪುಟ್ಟ ಫೋಟೋ ಫ್ರೇಮ್ ಮಾಡಿ ಮಾರಲು ಶುರು ಮಾಡಿದರು. ಗಂಡುಮಕ್ಕಳಿಬ್ಬರು ಕೂತು ಅಂಟು ಹಚ್ಚುತ್ತಿದ್ದರು, ಫ್ರೇಮಿಗೆ 7 ಸೆಂಟ್ ಕೂಲಿ. 1972ರಲ್ಲಿ ಒಕ್ಲಹೋಮಾ ಸಿಟಿಯಲ್ಲಿ ಮೊದಲ ಅಂಗಡಿ ತೆರೆದರು, 300 ಚದರ ಅಡಿ. ನಿಮ್ಮ ಮನೆಯ ದೊಡ್ಡ ಬೆಡ್‌ರೂಮಿನಷ್ಟು. 2014ರ ಹೊತ್ತಿಗೆ 500 ಅಂಗಡಿ, 13,000ಕ್ಕಿಂತ ಜಾಸ್ತಿ ಕೆಲಸಗಾರರು. ಆದರೂ ಷೇರು ಮಾರುಕಟ್ಟೆಗೆ ಹೋಗಲಿಲ್ಲ, ಎಲ್ಲವೂ ಒಂದೇ ಕುಟುಂಬದ ಕೈಯಲ್ಲಿ.

ಈ ಜನರ ಭಕ್ತಿ ತೋರಿಕೆಯದು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಭಾನುವಾರ ಬಾಗಿಲು ಹಾಕುವುದರಿಂದ ವರ್ಷಕ್ಕೆ ಕೋಟಿಗಟ್ಟಲೆ ವ್ಯಾಪಾರ ಹೋಗುತ್ತದೆ. ಹೋಗಲಿ ಎಂದರು. ಖಾಲಿ ವಾಪಸಾಗುವ ಲಾರಿಗಳಲ್ಲಿ ಬಿಯರ್ ಸಾಗಿಸಿದರೆ ಒಳ್ಳೆ ಬಾಡಿಗೆ ಸಿಗುತ್ತಿತ್ತು. ಬೇಡ ಎಂದರು. ದೇಶದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ. ಇವರು 2022ರಲ್ಲಿ ಪೂರ್ತಿ ಅವಧಿಯ ಕೆಲಸಗಾರರಿಗೆ ಕನಿಷ್ಠ 18.50 ಡಾಲರ್ ಮಾಡಿದರು. ಅದೇ ವರ್ಷ ಗ್ರೀನ್ ಅವರು ಕಂಪನಿಯ ಒಡೆತನವನ್ನೇ ಟ್ರಸ್ಟಿಗೆ ಬಿಟ್ಟುಕೊಡುತ್ತೇನೆ ಎಂದು ಬರೆದರು. ಇದೆಲ್ಲ ಅವರ ಕೈಯಿಂದಲೇ ಕೊಟ್ಟದ್ದು. ನಮ್ಮಲ್ಲೂ ಶುಕ್ರವಾರ ಎಷ್ಟು ಗಿರಾಕಿ ಬಂದರೂ ಪೂಜೆ ಮುಗಿಯದೆ ಅಂಗಡಿ ತೆರೆಯದ ಶೆಟ್ಟರು ಇದ್ದರು. ಅವರನ್ನು ನಾವು ಗೌರವಿಸುತ್ತಿದ್ದೆವು. ಅದೇ ಗೌರವ ಇವರಿಗೂ ಸಲ್ಲಬೇಕು.

ನನಗೆ ಕಷ್ಟ ಆಗುವುದು ಅಲ್ಲಿಂದ ಮುಂದೆ. ನಂಬಿಕೆ ಮಾಲೀಕರದು, ಅದರ ಖರ್ಚು ಮಾತ್ರ ಇನ್ಯಾರದೋ ಮನೆಗೆ ಹೋಗುತ್ತದೆ ಅನ್ನುವ ಕಡೆ.

ಎಲ್ಲರಿಗೂ ಗೊತ್ತಿರುವ ಕೇಸಿನಿಂದ ಶುರು ಮಾಡೋಣ. 2010ರಲ್ಲಿ ಒಬಾಮಾ ಸರ್ಕಾರದ ಆರೋಗ್ಯ ಕಾನೂನು ಬಂತು. ಅದರ ನಿಯಮದಂತೆ, ಕಂಪನಿ ಕೊಡುವ ಇನ್ಶೂರೆನ್ಸಿನಲ್ಲಿ ಹೆಂಗಸರಿಗೆ ಗರ್ಭನಿರೋಧಕಗಳು ಕೈಯಿಂದ ದುಡ್ಡು ಹಾಕದೆ ಸಿಗಬೇಕು. ಸರ್ಕಾರ ಒಪ್ಪಿದ ವಿಧಾನಗಳು 20. ಹಾಬಿ ಲಾಬಿ ಎಲ್ಲಕ್ಕೂ ಅಡ್ಡ ಬಂತು ಎಂದು ತುಂಬಾ ಜನ ತಿಳಿದಿದ್ದಾರೆ, ಅದು ತಪ್ಪು. 16ಕ್ಕೆ ಅವರ ತಕರಾರು ಇರಲಿಲ್ಲ. ಬೇಡ ಎಂದದ್ದು 4ಕ್ಕೆ. ಸೇರಿದ ಮೇಲೆ ತುರ್ತಾಗಿ ನುಂಗುವ ಎರಡು ಬಗೆಯ ಮಾತ್ರೆ, ಮತ್ತೆ ಗರ್ಭಕೋಶದೊಳಗೆ ಇಡುವ ಎರಡು ಬಗೆಯ ಸಾಧನ. ನಾವು ಕಾಪರ್-ಟಿ ಅನ್ನುತ್ತೇವಲ್ಲ, ಊರಿನ ಕಡೆ ಆಶಾ ಕಾರ್ಯಕರ್ತೆಯರು ವಂಕಿ ಅನ್ನುತ್ತಾರಲ್ಲ, ಅದೇ. ವೀರ್ಯ ಅಂಡಕ್ಕೆ ಸೇರಿದ ಗಳಿಗೆಯಿಂದಲೇ ಜೀವ ಶುರು, ಈ ನಾಲ್ಕು ಆಮೇಲೆ ಆ ಜೀವ ನಿಲ್ಲದಂತೆ ಮಾಡಬಹುದು, ಹಾಗಾಗಿ ಇದಕ್ಕೆ ದುಡ್ಡು ಕೊಡುವುದು ಪಾಪ ಎಂಬುದು ಅವರ ವಾದ. ಆ ಮಾತ್ರೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ಲ್ಯಾನ್ ಬಿ ಕೆಲಸ ಮಾಡುವುದು ಅಂಡ ಹೊರಬರುವುದನ್ನು ತಡಮಾಡಿ. ಕಟ್ಟಿದ ಗರ್ಭ ನಿಲ್ಲದಂತೆ ಅದು ಮಾಡುವುದಿಲ್ಲ ಎಂದು 2022ರ ಡಿಸೆಂಬರಿನಲ್ಲಿ ಸರ್ಕಾರದ ಔಷಧ ಇಲಾಖೆಯೇ ಮಾತ್ರೆಯ ಪೊಟ್ಟಣದ ಚೀಟಿ ತಿದ್ದಿಸಿತು. ಆದರೆ ತೀರ್ಪು ಬಂದು ಆಗಲೇ ಎಂಟು ವರ್ಷ ಆಗಿತ್ತು.

ಕಾನೂನು ಮೀರಿದರೆ ತಲೆಗೆ ದಿನಕ್ಕೆ 100 ಡಾಲರ್ ದಂಡ. 13,000 ಜನಕ್ಕೆ ಲೆಕ್ಕ ಹಾಕಿ. ದಿನಕ್ಕೆ 13 ಲಕ್ಷ ಡಾಲರ್, ವರ್ಷಕ್ಕೆ 47 ಕೋಟಿಗಿಂತ ಜಾಸ್ತಿ. 2012ರಲ್ಲಿ ಕೋರ್ಟಿಗೆ ಹೋದರು. ಪೆನ್ಸಿಲ್ವೇನಿಯಾದಲ್ಲಿ ಮರದ ಕಪಾಟು ಮಾಡುವ, ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಒಂದು ಕುಟುಂಬದ ಕಂಪನಿಯ ಕೇಸೂ ಇದರ ಜೊತೆ ಸೇರಿತು. 2014ರ ಜೂನ್ 30ರಂದು ಸುಪ್ರೀಂ ಕೋರ್ಟ್ 5-4ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಬಹುಮತದ ತೀರ್ಪು ಬರೆದವರು ಸ್ಯಾಮ್ಯುಯೆಲ್ ಅಲಿಟೊ, ಒಪ್ಪದೆ ಬರೆದವರು ರೂತ್ ಬೇಡರ್ ಗಿನ್ಸ್‌ಬರ್ಗ್.

ಯಾವ ಕಾನೂನಿನ ಬಲದಿಂದ ಗೆದ್ದರು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಒರೆಗಾನ್‌ನಲ್ಲಿ ಇಬ್ಬರು ತಮ್ಮ ಮೂಲನಿವಾಸಿ ಸಭೆಯ ಪೂಜೆಯಲ್ಲಿ ಪೆಯೋಟಿ ಎಂಬ ಕಳ್ಳಿಯನ್ನು ಪ್ರಸಾದದಂತೆ ತಿಂದರು. ಕೆಲಸ ಹೋಯಿತು. ನಿರುದ್ಯೋಗ ಭತ್ಯೆಯೂ ಸಿಗಲಿಲ್ಲ. 1990ರಲ್ಲಿ ಸುಪ್ರೀಂ ಕೋರ್ಟೂ ಅವರ ಕೈ ಹಿಡಿಯಲಿಲ್ಲ. ಅದು ಅನ್ಯಾಯ ಎಂದು ಎಲ್ಲ ಪಕ್ಷದವರಿಗೂ ಅನ್ನಿಸಿ, 1993ರಲ್ಲಿ ಧಾರ್ಮಿಕ ಸ್ವಾತಂತ್ರ್ಯ ಮರುಸ್ಥಾಪನೆ ಕಾಯ್ದೆ ಬಂತು. ಸೆನೆಟಿನಲ್ಲಿ 97 ಮತ ಪರ, 3 ವಿರುದ್ಧ. ಕೆಲಸ ಕಳೆದುಕೊಂಡ ಇಬ್ಬರು ಬಡವರನ್ನು ಕಂಡು ಹುಟ್ಟಿದ ಕಾನೂನು ಅದು. ಇಪ್ಪತ್ತೊಂದು ವರ್ಷದ ಮೇಲೆ 500 ಅಂಗಡಿಯ ಮಾಲೀಕರು ಅದನ್ನು ಹಿಡಿದು ತಮ್ಮ ಕೌಂಟರಿನ ಹೆಂಗಸರ ಎದುರು ನಿಂತರು. ಇದನ್ನು ಓದಿದ ದಿನ ನನಗೆ ನಿಜವಾಗಿ ಬೇಜಾರಾಯಿತು, ಈಗಲೂ ಆಗುತ್ತದೆ.

ಇನ್ನೊಂದು ಮಾತು ನನ್ನನ್ನು ಕಾಡುತ್ತದೆ. ನಾವು ಒಂದು ಕಂಪನಿ ಯಾಕೆ ನೋಂದಾಯಿಸುತ್ತೇವೆ? ವ್ಯಾಪಾರ ಮುಳುಗಿದರೆ ಸಾಲ ಕೊಟ್ಟವರು ನಮ್ಮ ಮನೆ ಬಾಗಿಲಿಗೆ ಬರಬಾರದು ಅಂತ. ಕಂಪನಿ ಬೇರೆ, ನಾನು ಬೇರೆ. ಸಾಲದ ಹೊತ್ತಿಗೆ ಬೇರೆ ಆದವರು ನಂಬಿಕೆಯ ಹೊತ್ತಿಗೆ ಒಂದೇ ಹೇಗೆ ಆಗುತ್ತಾರೆ? ಕೆಲವೇ ಜನರ ಕೈಯಲ್ಲಿರುವ ಕಂಪನಿಯಾದರೆ ಆಗಬಹುದು ಎಂದು ಕೋರ್ಟ್ ಹೇಳಿತು. ನನಗೆ ಅದು ಒಪ್ಪಿಗೆ ಆಗಿಲ್ಲ.

ಗಿನ್ಸ್‌ಬರ್ಗ್ ಬರೆದದ್ದರಲ್ಲಿ ಎರಡು ಸಂಗತಿ ನಿಮಗೆ ಹೇಳಲೇಬೇಕು. ಒಂದು, ಆ ವಂಕಿ ಹಾಕಿಸಲು ಆಗುವ ಖರ್ಚು ಕನಿಷ್ಠ ಕೂಲಿಯವಳಿಗೆ ಹತ್ತಿರ ಹತ್ತಿರ ಒಂದು ತಿಂಗಳ ಪೂರ್ತಿ ಸಂಬಳ. ಹಾಬಿ ಲಾಬಿ ಸಂಬಳ ಅದಕ್ಕಿಂತ ಜಾಸ್ತಿ ಇತ್ತು, ಸರಿ. ಆದರೆ ತೀರ್ಪು ಅವರೊಬ್ಬರಿಗೇ ಅಲ್ಲವಲ್ಲ. ಎರಡನೆಯದರಲ್ಲಿ ನಮ್ಮ ಹೆಸರೂ ಬರುತ್ತದೆ. ನಾಳೆ ರಕ್ತ ಕೊಡಿಸುವುದು ತಪ್ಪು ಎನ್ನುವ ಮಾಲೀಕ ಬಂದರೆ? ಹಂದಿಯಿಂದ ಮಾಡಿದ ಔಷಧ, ಜೆಲಾಟಿನ್ ಮೆತ್ತಿದ ಮಾತ್ರೆ ಬೇಡ ಎನ್ನುವ ಮುಸ್ಲಿಂ, ಯಹೂದಿ, ಹಿಂದೂ ಮಾಲೀಕರು ಬಂದರೆ? ಆಗ ಕೋರ್ಟ್ ಏನು ಮಾಡುತ್ತದೆ ಎಂದು ಅವರು ಕೇಳಿದರು. ಇಲ್ಲಿ ಮೋಟೆಲ್ ಇಟ್ಟವರು ಇದ್ದೀರಿ, ಐಟಿ ಕಂಪನಿ ನಡೆಸುವವರು ಇದ್ದೀರಿ. ನಿಮ್ಮ ಮಡಿ ನಿಮ್ಮ ಕೆಲಸದವರ ಆಪರೇಷನ್ ಥಿಯೇಟರಿಗೆ ಹೋಗಬಹುದಾ? ಮನೆಗೆ ಹೋಗಿ ಯೋಚನೆ ಮಾಡಿ. ನನಗೆ ಉತ್ತರ ಹೇಳಬೇಕಾಗಿಲ್ಲ.

ಇದಕ್ಕೆ ಅಲಿಟೊ ಅವರ ಉತ್ತರವೂ ಇತ್ತು. ಈ ತೀರ್ಪು ಗರ್ಭನಿರೋಧಕಕ್ಕೆ ಮಾತ್ರ ಎಂದರು. ಧಾರ್ಮಿಕ ಸಂಸ್ಥೆಗಳಿಗೆ ಮಾಡಿರುವ ಹಾಗೆ ಇನ್ಶೂರೆನ್ಸ್ ಕಂಪನಿಯೇ ಖರ್ಚು ನೋಡಿಕೊಳ್ಳುವ ದಾರಿ ಮಾಡಿದರೆ ಹೆಂಗಸರಿಗೆ ನಷ್ಟವೇ ಇಲ್ಲ ಎಂದರು. ಒಳ್ಳೆಯ ದಾರಿಯೇ. ಆದರೆ ಇಂಥ ಕಂಪನಿಗಳಿಗೆ ಆ ನಿಯಮ ಅಂತಿಮವಾಗಿ ಬಂದದ್ದು 2015ರ ಜುಲೈಯಲ್ಲಿ. ಕೋರ್ಟಿನ ಕಾಗದದಲ್ಲಿ ಒಂದು ವರ್ಷ ಅಂದರೆ ಏನೂ ಅಲ್ಲ. ಒಬ್ಬ ಹೆಣ್ಣಿನ ಮೈಗೆ ಒಂದು ವರ್ಷ ಅಂದರೆ ಒಂದು ಬಸುರಿ, ಒಂದು ಬಾಣಂತನ.

ಈಗ ಇನ್ನೊಂದು ಕಥೆ. ನನಗೆ ಇದೇ ಜಾಸ್ತಿ ನೋವು ಕೊಟ್ಟದ್ದು.

ಗ್ರೀನ್ ಕುಟುಂಬಕ್ಕೆ ಬೈಬಲಿನ ಕಾಲದ ವಸ್ತುಗಳ ಮೇಲೆ ಪ್ರೀತಿ. ಒಂದು ದೊಡ್ಡ ವಸ್ತುಸಂಗ್ರಹಾಲಯ ಮಾಡಬೇಕೆಂದು ಕೊಳ್ಳಲು ಹೊರಟರು. 2010ರ ಜುಲೈಯಲ್ಲಿ ಡೇವಿಡ್ ಅವರ ಮಗ, ಕಂಪನಿಯ ಅಧ್ಯಕ್ಷ ಸ್ಟೀವ್ ಗ್ರೀನ್ ಅರಬ್ ಎಮಿರೇಟ್ಸಿಗೆ ಹೋಗಿ ಸರಕು ನೋಡಿಬಂದರು. ಅಕ್ಟೋಬರಿನಲ್ಲಿ, ಅವರೇ ನೇಮಿಸಿಕೊಂಡ ತಜ್ಞೆಯೊಬ್ಬರು ಎಚ್ಚರಿಸಿದರು: ಇರಾಕಿನಿಂದ ಲೂಟಿಯಾದ ಸಾಮಾನು ಇರಬಹುದು, ಹುಷಾರು. ಡಿಸೆಂಬರಿನಲ್ಲಿ 16 ಲಕ್ಷ ಡಾಲರಿಗೆ ವ್ಯಾಪಾರ ಮುಗಿಯಿತು. 5,500ಕ್ಕಿಂತ ಜಾಸ್ತಿ ವಸ್ತುಗಳು. ಜೇಡಿಮಣ್ಣಿನ ಹಲಗೆಗಳು, ಅಕ್ಷರ ಒತ್ತಿದ ಇಟ್ಟಿಗೆಗಳು, ಮಣ್ಣಿನ ಮುದ್ರೆಗಳು, ಕಲ್ಲಿನ ಉರುಳೆ ಮುದ್ರೆಗಳು. ದುಡ್ಡು ಹೋದದ್ದು ಮಾರಿದವನ ಖಾತೆಗಲ್ಲ, ಬೇರೆ ಬೇರೆಯವರ ಏಳು ಖಾತೆಗಳಿಗೆ. ಸರಕು ಬಂದದ್ದು ಒಕ್ಲಹೋಮಾ ಸಿಟಿಯಲ್ಲಿ ಕಂಪನಿಗೆ ಸೇರಿದ ಮೂರು ಬೇರೆ ವಿಳಾಸಕ್ಕೆ. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಏನು ಬರೆದಿತ್ತು ಗೊತ್ತಾ? ಸೆರಾಮಿಕ್ ಟೈಲ್ಸ್. ಇನ್ನು ಕೆಲವದರ ಮೇಲೆ, ಮಣ್ಣಿನ ಟೈಲ್ಸ್, ಸ್ಯಾಂಪಲ್. ಹುಟ್ಟಿದ ದೇಶ ಟರ್ಕಿ.

ಕರಕುಶಲದ ಅಂಗಡಿಗೆ ಟೈಲ್ಸ್ ಬಂದರೆ ಯಾರಿಗೆ ಅನುಮಾನ ಬರುತ್ತದೆ ಹೇಳಿ. ಆದರೂ 2011ರ ಜನವರಿಯಲ್ಲಿ ಕಸ್ಟಮ್ಸಿನವರು ಐದು ಪೆಟ್ಟಿಗೆ ಹಿಡಿದರು. 2017ರ ಜುಲೈಯಲ್ಲಿ ಕಂಪನಿ ಸರ್ಕಾರದ ಜೊತೆ ರಾಜಿ ಮಾಡಿಕೊಂಡು, ವಸ್ತುಗಳನ್ನು ಒಪ್ಪಿಸಿ, 30 ಲಕ್ಷ ಡಾಲರ್ ಕಟ್ಟಿತು. ಈ ವ್ಯವಹಾರಕ್ಕೆ ನಾವು ಹೊಸಬರು, ಸರಿಯಾಗಿ ವಿಚಾರಿಸಬೇಕಿತ್ತು ಎಂದು ಸ್ಟೀವ್ ಗ್ರೀನ್ ಒಪ್ಪಿಕೊಂಡರು. 2018ರಲ್ಲಿ ಸುಮಾರು 3,800 ವಸ್ತುಗಳು ಇರಾಕಿಗೆ ಹೋದವು. ಐಸಿಸ್‌ನಿಂದ ಕೊಂಡರು ಎಂದು ವಾಟ್ಸಾಪಿನಲ್ಲಿ ಬರುತ್ತದಲ್ಲ, ಅದನ್ನು ದಯವಿಟ್ಟು ಮುಂದೆ ಕಳಿಸಬೇಡಿ. ವ್ಯಾಪಾರ ನಡೆದದ್ದು 2010ರಲ್ಲಿ. ಐಸಿಸ್ ಮೊಸುಲ್ ಹಿಡಿದದ್ದು 2014ರಲ್ಲಿ. ಇರಾಕಿನ ಹಳೆಯ ದಿಬ್ಬಗಳ ಲೂಟಿ 1991ರ ಯುದ್ಧದಿಂದಲೇ ಶುರುವಾಗಿತ್ತು, 2003ರ ಮೇಲೆ ಮಿತಿ ಮೀರಿತು.

ಮಣ್ಣಿನ ಚೂರಿಗೆ ಇಷ್ಟೊಂದು ಯಾಕೆ ಎಂದು ಹಿಂದಿನ ಸಾಲಿನ ಹುಡುಗರು ಕೇಳುವ ಹಾಗೆ ಕಾಣುತ್ತಿದೆ. ಬೇಗೂರಿನ ವೀರಗಲ್ಲು ನೋಡಿದ್ದೀರಾ? ಬೆಂಗಳೂರಿನಲ್ಲೇ, ನಾಗೇಶ್ವರ ದೇವಸ್ಥಾನದಲ್ಲಿದೆ. ಸುಮಾರು 890ರದು. ಅದರಲ್ಲಿ ಬೆಂಗುಳೂರು ಕಾಳಗ ಎಂಬ ಮಾತು ಬರುತ್ತದೆ. ಬೆಂದ ಕಾಳಿನ ಕಥೆಗಿಂತ ಎಷ್ಟೋ ಮೊದಲೇ ಆ ಊರಿಗೆ ಆ ಹೆಸರು ಇತ್ತು ಎಂದು ನಮಗೆ ಗೊತ್ತಾದದ್ದು ಆ ಕಲ್ಲಿನಿಂದ. ಈಗ ಯೋಚಿಸಿ, ಯಾರೋ ರಾತ್ರಿ ಅದನ್ನು ಕಿತ್ತು, ಮೂರು ಕೈ ದಾಟಿಸಿ, ಟೈಲ್ಸ್ ಎಂದು ಚೀಟಿ ಅಂಟಿಸಿ ಕಳಿಸಿದ್ದರೆ? ಕಲ್ಲು ಎಲ್ಲೋ ಗಾಜಿನ ಪೆಟ್ಟಿಗೆಯಲ್ಲಿ ಚೆನ್ನಾಗೇ ಇರುತ್ತಿತ್ತು. ಆದರೆ ಬೇಗೂರಿನದು ಎಂದು ಯಾರಿಗೆ ಗೊತ್ತಾಗುತ್ತಿತ್ತು? ನಮ್ಮಲ್ಲಿ ಶಾಸನಕ್ಕೆ ಊರೇ ಹೆಸರು. ಹಲ್ಮಿಡಿ ಶಾಸನ, ತಾಳಗುಂದದ ಶಾಸನ. ಬಿ. ಎಲ್. ರೈಸ್ ಅವರು ಸಾವಿರಾರು ಶಾಸನಗಳನ್ನು ಓದಿಸಿ ಅಚ್ಚು ಹಾಕಿಸುವಾಗ ತಾಲ್ಲೂಕು ತಾಲ್ಲೂಕಿಗೇ ನಂಬರ್ ಕೊಟ್ಟದ್ದು ಸುಮ್ನೆ ಅಲ್ಲ. ಊರು ಕಳೆದುಕೊಂಡ ಶಾಸನ ಅರ್ಧ ಮೂಕ.

ಆ ಪೆಟ್ಟಿಗೆಗಳ ಹಲಗೆಗಳಿಗೆ ಆದದ್ದು ಅದೇ. ವಿದ್ವಾಂಸರು ಓದಿ ನೋಡಿದಾಗ ಹಲವು ಹಲಗೆಗಳು ಇರಿಸಗ್ರಿಗ್ ಎಂಬ ನಾಲ್ಕು ಸಾವಿರ ವರ್ಷದ ಹಿಂದಿನ ಊರಿನವು ಎಂದು ತಿಳಿಯಿತು. ಲೆಕ್ಕಪತ್ರದ ಬರಹ. ಯಾರಿಗೆ ಏನು ಕೊಟ್ಟರು, ಎಷ್ಟು ಕೊಟ್ಟರು, ಇಂಥ ದಿನನಿತ್ಯದ ವಿಷಯ. ಆದರೆ ಆ ಊರು ನೆಲದ ಮೇಲೆ ಎಲ್ಲಿದೆ ಎಂಬುದೇ ಓದಿದವರಿಗೆ ಖಚಿತ ಇರಲಿಲ್ಲ. ಗುದ್ದಲಿ ಹಿಡಿದು ಅಗೆದ ಕಳ್ಳರಿಗೆ ಗೊತ್ತಿತ್ತು. ದೇವರ ಗ್ರಂಥದ ಕಾಲವನ್ನು ಜನಕ್ಕೆ ತೋರಿಸಬೇಕು ಎಂಬ ಆಸೆ ಇವರದು. ಅದಕ್ಕೆ ಖರ್ಚಾಗಿ ಹೋದದ್ದು ಇರಾಕಿನ ಒಂದು ಊರಿನ ವಿಳಾಸ. 30 ಲಕ್ಷ ಡಾಲರಿನಿಂದ ಅದು ವಾಪಸ್ ಬರುವುದಿಲ್ಲ.

2017ರ ನವೆಂಬರಿನಲ್ಲಿ ವಾಷಿಂಗ್ಟನ್‌ನಲ್ಲಿ ಬೈಬಲ್ ಮ್ಯೂಸಿಯಂ ತೆರೆಯಿತು. ಅಲ್ಲಿ ಇಟ್ಟಿದ್ದ, ಮೃತ ಸಮುದ್ರದ ಸುರುಳಿ ಎನ್ನುವ ಬಹಳ ಹಳೆಯ ಬೈಬಲ್ ಹಸ್ತಪ್ರತಿಗಳ 16 ತುಣುಕುಗಳು ಅಷ್ಟೂ ನಕಲಿ ಎಂದು 2020ರಲ್ಲಿ ಗೊತ್ತಾಯಿತು. ಪರೀಕ್ಷೆ ಮಾಡಿಸಿ ಅದನ್ನು ಹೊರಗೆ ಹೇಳಿದ್ದು ಮ್ಯೂಸಿಯಮ್ಮಿನವರೇ, ಅದನ್ನು ನಾನು ಮೆಚ್ಚುತ್ತೇನೆ. ಮೂಲ ಗೊತ್ತಿಲ್ಲದ ಸಾವಿರಾರು ವಸ್ತುಗಳನ್ನು ಇರಾಕಿಗೂ ಈಜಿಪ್ಟಿಗೂ ಅವರು ವಾಪಸ್ ಕಳಿಸಿದರು. ಮೋಸ ಹೋದವರಲ್ಲಿ ಅವರೂ ಸೇರಿದ್ದಾರೆ. ಆದರೆ ಕೇಳದೆ ಕೊಳ್ಳುವ ದುಡ್ಡಿನ ಗಿರಾಕಿ ಇದ್ದಾನೆ ಎಂದು ಗೊತ್ತಾದ ಮೇಲೆ ತಾನೇ ಅಗೆಯುವವನು ಗುದ್ದಲಿ ಎತ್ತುವುದು?

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. 2013ರಲ್ಲಿ ನ್ಯೂಜೆರ್ಸಿಯ ಅಂಗಡಿಯಲ್ಲಿ ಯಹೂದಿ ಹಬ್ಬದ ಸಾಮಾನು ಇಡುವುದಿಲ್ಲ ಎಂದು ಗಲಾಟೆಯಾಯಿತು. ಕಂಪನಿ ಕ್ಷಮೆ ಕೇಳಿ, ಆ ಕಡೆಯ ಅಂಗಡಿಗಳಲ್ಲಿ ಸಾಮಾನು ಇಟ್ಟಿತು, ಅದು ಅಲ್ಲಿಗೆ ಮುಗಿಯಿತು. 2020ರಲ್ಲಿ ಕೊರೊನಾ ಬಂದಾಗ ಕೆಲವು ರಾಜ್ಯಗಳು ಮುಚ್ಚಿ ಎಂದರೂ ತೆರೆದರು, ಸರ್ಕಾರಗಳಿಂದ ನೋಟಿಸ್ ಬಂದ ಮೇಲೆ ಏಪ್ರಿಲ್ ಮೊದಲ ವಾರ ಮುಚ್ಚಿ, ಹೆಚ್ಚುಕಡಿಮೆ ಎಲ್ಲರನ್ನೂ ಸಂಬಳವಿಲ್ಲದ ರಜೆಗೆ ಕಳಿಸಿದರು. ಇಲಿನಾಯ್‌ನ ಕೇಸು ಮಾತ್ರ ಇಷ್ಟು ಬೇಗ ದಾಟುವಂಥದ್ದಲ್ಲ. ಅಲ್ಲಿ 1998ರಿಂದ ಕೆಲಸಕ್ಕಿದ್ದ ಒಬ್ಬರು ಹೆಣ್ಣಾಗಿ ಬದುಕಲು ಶುರು ಮಾಡಿದ ಮೇಲೆ ಹೆಂಗಸರ ಶೌಚಾಲಯಕ್ಕೆ ಬಿಡಲಿಲ್ಲ. ವರ್ಷಗಟ್ಟಲೆ. ಹೋಗಬೇಕಾಗಬಾರದು ಎಂದು ಆಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. 2021ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟ್ ಆಕೆಯ ಪರ ನಿಂತು, 2,20,000 ಡಾಲರ್ ಪರಿಹಾರವನ್ನು ಎತ್ತಿಹಿಡಿಯಿತು. ದಿನವಿಡೀ ನಿಂತು ಕೆಲಸ ಮಾಡುವವರು ಬಾಯಾರಿಕೆ ಕಟ್ಟಿಕೊಂಡು ಇರಬೇಕಾದದ್ದು ಯಾರ ನಂಬಿಕೆಗಾಗಿ? ನನ್ನ ಮಾತು ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬ ಹುಡುಗಿ ಎದ್ದು, "ಹಾಗಾದ್ರೆ ಆಂಟಿ, ನಾವು ಅಲ್ಲಿ ಹೋಗಬಾರದಾ?" ಎಂದು ಕೇಳಿದಳು. ನಾನು ಹೋಗಬೇಡ ಎಂದು ಹೇಳಲಿಲ್ಲ. ಆ ಕೌಂಟರಿನ ಹುಡುಗಿಗೆ ಅಲ್ಲಿ ಸಿಗುವ ಸಂಬಳ ಅಕ್ಕಪಕ್ಕದ ಎಷ್ಟೋ ಅಂಗಡಿಗಿಂತ ಒಳ್ಳೆಯದು ಎಂದೆ. ನನ್ನ ಮಟ್ಟಿಗೆ, ಈ ಸಲದ ಮಂಟಪಕ್ಕೆ ಬಾಳೆಕಂದು, ಮಾವಿನ ಸೊಪ್ಪು ಸಾಕು ಎಂದುಕೊಂಡಿದ್ದೇನೆ ಎಂದೂ ಹೇಳಿದೆ.

ಆಮೇಲೆ ಮಗನ ಮನೆಗೆ ಬಂದಿದ್ದ ಒಬ್ಬ ಹಿರಿಯರು, ಊರಲ್ಲಿ ಮೇಷ್ಟ್ರಾಗಿದ್ದವರು, "ಗಿಲ್ಗಮೆಶ್ ಹಲಗೆ ಅಂತ ಪೇಪರಲ್ಲಿ ಓದಿದ್ದೆ ತಾಯಿ, ಅದೂ ಇವರದೇನಾ? ಈಗ ಎಲ್ಲಿದೆ?" ಎಂದರು. ಹೌದು ಸರ್, ಇವರದೇ ಎಂದೆ. ಗಿಲ್ಗಮೆಶ್ ಎಂಬ ರಾಜನ ಬಗ್ಗೆ ಇರಾಕಿನ ಕಡೆಯ ಬಹಳ ಹಳೆಯ ಕಾವ್ಯದ ಒಂದು ಭಾಗ ಬರೆದ ಮಣ್ಣಿನ ಹಲಗೆ ಅದು. 2014ರಲ್ಲಿ ಒಂದು ದೊಡ್ಡ ಹರಾಜು ಸಂಸ್ಥೆಯಿಂದ 16,74,000 ಡಾಲರಿಗೆ ಕೊಂಡಿದ್ದರು. ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದು, ಸುಮಾರು 3,500 ವರ್ಷ ಹಳೆಯದು. 1981ರ ಹರಾಜಿನಲ್ಲಿ ಕೊಂಡದ್ದು ಎಂಬ ಸುಳ್ಳು ಕಾಗದ ಅದರ ಜೊತೆ ಇತ್ತು. ಸರ್ಕಾರ 2019ರಲ್ಲಿ ಅದನ್ನು ವಶಕ್ಕೆ ತೆಗೆದುಕೊಂಡು, 2021ರ ಸೆಪ್ಟೆಂಬರ್ 23ರಂದು ಇರಾಕಿಗೆ ಒಪ್ಪಿಸಿತು. ಅದೇ ವಾರ ನಮ್ಮ ಪ್ರಧಾನಿ ಇಲ್ಲಿಗೆ ಬಂದಿದ್ದಾಗ ಭಾರತದ 157 ಹಳೆಯ ವಿಗ್ರಹ, ವಸ್ತುಗಳನ್ನೂ ಅಮೆರಿಕ ವಾಪಸ್ ಕೊಟ್ಟಿತ್ತು. ಹಲಗೆ ಆ ಡಿಸೆಂಬರಿನಲ್ಲಿ ಬಾಗ್ದಾದಿಗೆ ತಲುಪಿತು.

"ಏನು ಬರೆದಿದೆ ಅದರಲ್ಲಿ?" ಎಂದರು ಮೇಷ್ಟ್ರು.

ಗಿಲ್ಗಮೆಶ್ ತಾನು ಕಂಡ ಕನಸುಗಳನ್ನು ತಾಯಿಗೆ ಹೇಳುತ್ತಾನೆ ಸರ್, ತಾಯಿ ಅದರ ಅರ್ಥ ಬಿಡಿಸುತ್ತಾಳೆ, ನಿನಗೊಬ್ಬ ಗೆಳೆಯ ಬರುತ್ತಿದ್ದಾನೆ ಎಂದು. ಅಷ್ಟು ಭಾಗ ಆ ಹಲಗೆಯಲ್ಲಿದೆ.